ಮಜ್ಜಿಗೆಯೊಳಗಿನ ಬೆಣ್ಣೆ: ಮಕ್ಕಳಿಗೆ ಒಂದು ದೇವರನಾಮ ಕಲಿಸಿದ ಬಗೆ

'ಭಾಗ್ಯದ ಲಕ್ಷ್ಮೀ ಬಾರಮ್ಮ' ಕೇಳಿರದ ಮಗು ಕನ್ನಡದ ಮನೆಗಳಲ್ಲಿ ಸಿಗುವುದು ಕಷ್ಟ. ಪೂರ್ತಿ ಹಾಡಬಲ್ಲ ಮಗು ಸಿಗುವುದು ಇನ್ನೂ ಕಷ್ಟ. ಪಲ್ಲವಿ ಎಲ್ಲರ ಬಾಯಲ್ಲಿದೆ. ಮೊದಲ ಚರಣದ ಎರಡು ಸಾಲು ಅರ್ಧಂಬರ್ಧ ಬರುತ್ತದೆ. ಅಲ್ಲಿಂದಾಚೆಗೆ ತುಟಿ ಅಲ್ಲಾಡುತ್ತದೆ, ಮಾತು ಹೊರಡುವುದಿಲ್ಲ. ಪಲ್ಲವಿ ಮರಳಿ ಬಂದಾಗ ಮತ್ತೆ ದನಿ ಏರುತ್ತದೆ. ಐದು ಚರಣ, ಚರಣಕ್ಕೆ ನಾಲ್ಕು ಸಾಲು, ಒಟ್ಟು ಇಪ್ಪತ್ತು. ಇದನ್ನು ಆರರಿಂದ ಹತ್ತು ವರ್ಷದ 20 ಮಕ್ಕಳಿಗೆ 6 ವಾರದಲ್ಲಿ, ವಾರಕ್ಕೆ 40 ನಿಮಿಷದ ಒಂದು ತರಗತಿಯಂತೆ ಕಲಿಸಿದ ಕ್ರಮ ಇಲ್ಲಿದೆ. ವರಮಹಾಲಕ್ಷ್ಮಿ ಹಬ್ಬ ಬರುವುದು ಶ್ರಾವಣದ ಹುಣ್ಣಿಮೆಗೆ ಮುಂಚಿನ ಶುಕ್ರವಾರ. ಆಷಾಢದ ಮೊದಲ ವಾರ ಶುರು ಮಾಡಿದರೆ ಈ ಆರು ವಾರ ಸರಿಯಾಗಿ ಸಿಗುತ್ತವೆ.

ಮಕ್ಕಳಿಗೆ ಹಾಡು ಕಲಿಸಲು ಆಟ ಬೇಕು ಎನ್ನುವುದರಲ್ಲಿ ಈಗ ಯಾರಿಗೂ ಅನುಮಾನವಿಲ್ಲ. ತೊಡಕು ಇರುವುದು ಯಾವ ಆಟ ಎನ್ನುವಲ್ಲಿ. ಚೆಂಡು ದಾಟಿಸುವುದು, ಬಲೂನು ಒಡೆಯುವುದು, ಚೀಟಿ ಎತ್ತುವುದು ಇವೆಲ್ಲ ಮಕ್ಕಳನ್ನು ನಗಿಸುತ್ತವೆ. ಮುಂದಿನ ವಾರ ಕೇಳಿದರೆ ಬಲೂನು ನೆನಪಿರುತ್ತದೆ, ಸಾಲು ಇರುವುದಿಲ್ಲ. ನಾವು ಒಂದೇ ಪರೀಕ್ಷೆ ಇಟ್ಟುಕೊಂಡಿದ್ದೇವೆ: ಈ ಆಟವನ್ನು ಬೇರೆ ಹಾಡಿಗೂ ಹೀಗೆಯೇ ಆಡಬಹುದೇ? ಆಡಬಹುದಾದರೆ ಬಿಟ್ಟುಬಿಡುತ್ತೇವೆ. ಪುರಂದರದಾಸರ ಈ ಪದದಲ್ಲಂತೂ ಹೊರಗಿನಿಂದ ಏನನ್ನೂ ತರಬೇಕಾಗಿಲ್ಲ. ಹೆಜ್ಜೆ, ಗೆಜ್ಜೆ, ಮಜ್ಜಿಗೆ, ಬೆಣ್ಣೆ, ಚಿನ್ನದ ಮಳೆ, ಕಂಕಣ, ಬೊಂಬೆ, ಸಕ್ಕರೆ, ತುಪ್ಪ ಎಲ್ಲವೂ ಒಳಗೇ ಇವೆ.

ಮೊದಲ ತರಗತಿಗೆ ಮುಂಚೆ ಮುಗಿಸಲೇಬೇಕಾದ ಕೆಲಸ ಪಾಠ ನಿಗದಿ ಮಾಡುವುದು. ಬಾಯಿಂದ ಬಾಯಿಗೆ ಬಂದ ಹಾಡಾದ್ದರಿಂದ ಪಾಠಾಂತರಗಳಿವೆ. ಎರಡನೆಯ ಚರಣದಲ್ಲಿ ಕೆಲವರು 'ಮನಕೆ ಮಾನವ' ಎಂದು ಹಾಡುತ್ತಾರೆ, ಕೆಲವರು 'ಮನಕಾಮನೆಯ' ಎನ್ನುತ್ತಾರೆ. ನಡುವಿನ ಚರಣಗಳ ಕ್ರಮವೂ ಕಡೆಕಡೆಗೆ ಬದಲಾಗುತ್ತದೆ. ಅಜ್ಜಿ ಒಂದು ಹೇಳಿಕೊಟ್ಟು ತರಗತಿಯಲ್ಲಿ ಇನ್ನೊಂದು ಬಂದರೆ ಮಗು ಆ ಜಾಗದಲ್ಲಿ ಪ್ರತಿ ಸಲವೂ ತಡವರಿಸುತ್ತದೆ. ಒಂದು ಪಾಠವನ್ನು ದಪ್ಪಕ್ಷರದಲ್ಲಿ ಬರೆದು ಮೊದಲ ದಿನವೇ ಮನೆಗೆ ಕಳಿಸಿದೆವು. ಮನೆಯ ಪಾಠ ಬೇರೆಯಾಗಿದ್ದರೆ ಅದು ತಪ್ಪಲ್ಲ, ಒಟ್ಟಿಗೆ ಹಾಡಲು ಒಂದೇ ಇರಲಿ ಎಂಬ ಸಾಲನ್ನೂ ಸೇರಿಸಿದೆವು. ಅಜ್ಜಿಯ ಮಾತು ತಪ್ಪೆಂದು ಮಗುವಿಗೆ ಅನ್ನಿಸಬಾರದು.

ಧಾಟಿಯ ವಿಚಾರವೂ ಹೀಗೆಯೇ. ಮಧ್ಯಮಾವತಿಯಲ್ಲಿ, ಶ್ರೀರಾಗದಲ್ಲಿ ಎರಡರಲ್ಲೂ ಹಾಡುವ ರೂಢಿಯಿದೆ, ತಾಳ ಆದಿ. ಮಕ್ಕಳಿಗೆ ನಾವು ಆರಿಸಿದ್ದು ಮಧ್ಯಮಾವತಿ. ಸ ರಿ ಮ ಪ ನಿ, ಐದೇ ಸ್ವರ. ಗಾಂಧಾರವಿಲ್ಲ, ಧೈವತವಿಲ್ಲ. ಮಕ್ಕಳು ಮಧ್ಯಮದಿಂದ ರಿಷಭಕ್ಕೆ ಇಳಿಯುವಾಗ ನಡುವೆ ಗಾಂಧಾರವನ್ನು ತುಂಬಿಬಿಡುತ್ತಾರೆ, ದೂರ ಹಾರುವುದಕ್ಕಿಂತ ಪಕ್ಕದ ಮೆಟ್ಟಿಲಿಗೆ ಕಾಲಿಡುವುದು ಗಂಟಲಿಗೆ ಸುಲಭ. ಇದಕ್ಕೆ ಬೋರ್ಡಿನ ಮೇಲೆ ಏಣಿ ಬರೆದು, ರಿ ಮತ್ತು ಮ ನಡುವಿನ ಒಂದು ಹಲ್ಲನ್ನು ಅಳಿಸಿಟ್ಟೆವು. ಕೈಯಿಂದ ಏಣಿ ತೋರಿಸುತ್ತಾ ಇಳಿದರೆ, ಇಲ್ಲದ ಹಲ್ಲಿನ ಮೇಲೆ ಕಾಲಿಡಬಾರದು ಎಂಬುದು ಆರು ವರ್ಷದ ಮಗುವಿಗೂ ತಿಳಿಯುತ್ತದೆ. ಗಾಂಧಾರದ ಹೆಸರೂ ಹೇಳಬೇಕಾಗಿಲ್ಲ.

ಶ್ರುತಿ ಇಡುವಾಗ ಆಗುವ ಸಾಮಾನ್ಯ ತಪ್ಪು, ಹೇಳಿಕೊಡುವವರು ತಮ್ಮ ಗಂಟಲಿಗೆ ಒಗ್ಗುವ ಶ್ರುತಿಯನ್ನೇ ಇಡುವುದು. ಹಾಡಿನ ಅತಿ ಕೆಳಗಿನ ಸ್ವರ ಮತ್ತು ಅತಿ ಮೇಲಿನ ಸ್ವರ ಎರಡನ್ನೂ ಮಕ್ಕಳ ಬಾಯಲ್ಲಿ ಮೊದಲು ಹಾಡಿಸಿ ನೋಡಬೇಕು. ಕೆಳಗೆ ದನಿ ಗಾಳಿಯಾದರೆ ಅರ್ಧ ಕಟ್ಟೆ (ಹಾರ್ಮೋನಿಯಮ್ಮಿನಲ್ಲಿ ಪಕ್ಕದ ಮನೆಯಷ್ಟು) ಏರಿಸಿ, ಮೇಲೆ ಕೂಗಾಟವಾದರೆ ಅರ್ಧ ಕಟ್ಟೆ ಇಳಿಸಿ. ಸಿಕ್ಕ ಶ್ರುತಿಯನ್ನು ಗುರುತು ಹಾಕಿಕೊಂಡು ಆರೂ ವಾರ ಅದನ್ನೇ ಇಡಬೇಕು.

ಆಟ ಯಾವುದೇ ಇರಲಿ, ಹೇಳಿಕೊಡುವ ಕ್ರಮ ಒಂದೇ: ನಾವು ಹಾಡಿ ನಿಲ್ಲಿಸುವುದು, ಅವರು ಹಾಡುವುದು. ಅವರು ಹಾಡುವಾಗ ನಮ್ಮ ಬಾಯಿ ಮುಚ್ಚಿರಬೇಕು. ಕೇಳಲು ಸುಲಭ, ಪಾಲಿಸುವುದು ಬಹಳ ಕಷ್ಟ. ಮಕ್ಕಳ ಜೊತೆ ನಾವೂ ಹಾಡಿದರೆ ತರಗತಿ ಚೆನ್ನಾಗಿ ನಡೆಯುತ್ತಿದೆ ಅನ್ನಿಸುತ್ತದೆ. ನಿಜವಾಗಿ ಮಕ್ಕಳು ಅರ್ಧ ಅಕ್ಷರ ಹಿಂದೆ ಉಳಿದು ನಮ್ಮನ್ನು ಹಿಂಬಾಲಿಸುತ್ತಿರುತ್ತಾರೆ, ಅವರ ತಪ್ಪು ನಮ್ಮ ಕಿವಿಗೆ ಬೀಳುವುದಿಲ್ಲ. ಚಿಕ್ಕವರಿಗೆ ಒಂದು ಸಲಕ್ಕೆ ಅರ್ಧ ಸಾಲು, ಎಂಟು ದಾಟಿದವರಿಗೆ ಒಂದು ಸಾಲು. ಮೂರು ಸಲ ಸರಿಬಂದ ಮೇಲೆ ಮುಂದಿನದು.

ಮೊದಲ ವಾರ ಪಲ್ಲವಿ ಮತ್ತು ಹೆಜ್ಜೆ. ನೆಲದ ಮೇಲೆ ಸೀಮೆಸುಣ್ಣದಿಂದ ಎಂಟು ಮನೆ ಬರೆದೆವು, ಕುಂಟೆಬಿಲ್ಲೆಗೆ ಬರೆದ ಹಾಗೆ. ಮೊದಲ ನಾಲ್ಕು ಮನೆ ಒಂದು ಬಣ್ಣ, ಅದು ಲಘು, ಆದಿತಾಳದ ನಾಲ್ಕೆಣಿಕೆಯ ಭಾಗ. ಆಮೇಲಿನ ಎರಡೆರಡು ಮನೆ ಬೇರೆ ಎರಡು ಬಣ್ಣ, ಅವು ಎರಡು ದ್ರುತ, ಎರಡೆರಡು ಎಣಿಕೆಯ ಭಾಗಗಳು. ಒಂದೊಂದು ಮನೆ ಸುಮಾರು ಒಂದು ಅಡಿ ಇರಬೇಕು. ಅದಕ್ಕಿಂತ ದೊಡ್ಡದಾದರೆ ಚಿಕ್ಕವರು ಹಾರಬೇಕಾಗುತ್ತದೆ. ಹಾರಿದ ಕೂಡಲೇ ಕಾಲಪ್ರಮಾಣ ಓಡುತ್ತದೆ. ತಾಳದ ಅಕ್ಷರಕ್ಕೊಂದು, ಅಂದರೆ ಎಣಿಕೆಗೊಂದು ಹೆಜ್ಜೆ, ಎಂಟು ಹೆಜ್ಜೆಗೆ ಒಂದು ಆವರ್ತ. ನಡೆಯುವವರು ಒಂದು ಸಲಕ್ಕೆ ನಾಲ್ಕೇ ಮಂದಿ, ಉಳಿದವರು ಕುಳಿತು ಕೈಯಲ್ಲಿ ತಾಳ ಹಾಕುತ್ತಾರೆ: ಒಂದು ತಟ್ಟು, ಕಿರುಬೆರಳು, ಉಂಗುರಬೆರಳು, ನಡುಬೆರಳು, ತಟ್ಟಿ ತಿರುಗಿಸು, ತಟ್ಟಿ ತಿರುಗಿಸು. ಪಲ್ಲವಿಯನ್ನು ಎಲ್ಲಿ ಎತ್ತುತ್ತೀರೋ ಆ ಮನೆಯಲ್ಲಿ ಒಂದು ಹೂ ಬರೆದಿಡಿ. ಎತ್ತುಗಡೆ ತಪ್ಪಿದವರಿಗೆ ಬಾಯಲ್ಲಿ ವಿವರಿಸುವ ಬದಲು ಹೂವನ್ನು ತೋರಿಸಿದರೆ ಸಾಕು.

ಗೆಜ್ಜೆ ಒಂದೇ ಜೊತೆ. ಎಲ್ಲರಿಗೂ ಕಟ್ಟಿದರೆ ಗೆಜ್ಜೆಯೇ ಕೇಳುತ್ತದೆ, ಸಾಹಿತ್ಯ ಮುಳುಗುತ್ತದೆ. ನಾಲ್ವರಲ್ಲಿ ಮುಂದೆ ನಡೆಯುವ ಮಗುವಿಗೆ ಮಾತ್ರ ಕಟ್ಟಿ, 'ಹೆಜ್ಜೆಯ ಮೇಲೆ ಹೆಜ್ಜೆ' ಎಂದರೆ ಏನೆಂದು ಆಗಲೇ ತೋರಿಸಿಕೊಡಬೇಕು: ಮುಂದಿನವರು ಇಟ್ಟ ಹೆಜ್ಜೆಯ ಮೇಲೆಯೇ ಹಿಂದಿನವರು ಹೆಜ್ಜೆ ಇಡುವುದು. ಅವಸರವಿಲ್ಲದ, ಪುಟ್ಟ ಪುಟ್ಟ ನಡಿಗೆ ಅದು. ಇಷ್ಟು ಗೊತ್ತಾದರೆ ಮಕ್ಕಳು ಓಡಿಸುವುದು ಅರ್ಧಕ್ಕರ್ಧ ತಗ್ಗುತ್ತದೆ. ಲಕ್ಷ್ಮಿ ಓಡಿ ಬರುವುದಿಲ್ಲ ಎಂಬ ಕಾರಣ ಅವರಿಗೆ ಸಾಕಾಗುತ್ತದೆ.

ಎರಡನೆಯ ವಾರ ಪ್ರಾಸದ ಕಾರ್ಡು. ಇಡೀ ಕಲಿಕೆಯ ಬೆನ್ನೆಲುಬು ಇದೇ. ಪ್ರತಿ ಸಾಲಿನ ಮೊದಲ ಪದ ಬರೆದ 20 ಕಾರ್ಡು, ಅಂಗೈ ಅಗಲ, ಎಲ್ಲವೂ ಬಿಳಿ. ಚರಣಕ್ಕೊಂದು ಬಣ್ಣ ಕೊಡುವ ಆಸೆಯಾಗುತ್ತದೆ, ಕೊಡಬಾರದು. ಕೊಟ್ಟರೆ ಮಕ್ಕಳು ಬಣ್ಣ ನೋಡಿ ಜೋಡಿಸುತ್ತಾರೆ, ಅಕ್ಷರ ನೋಡುವುದಿಲ್ಲ. ಕಾರ್ಡುಗಳನ್ನು ಕಲೆಸಿ ನೆಲದ ಮೇಲೆ ಹರಡಿ, ಒಂದೇ ಮನೆಯವರನ್ನು ಹುಡುಕಿ ಎಂದೆವು. ಕೆಲವೇ ನಿಮಿಷದಲ್ಲಿ ಹೆಜ್ಜೆ, ಗೆಜ್ಜೆ, ಸಜ್ಜನ, ಮಜ್ಜಿಗೆ ಒಟ್ಟಾಗುತ್ತವೆ. ಕನಕ, ಮನಕೆ, ದಿನಕರ, ಜನಕ ಇನ್ನೊಂದು ಮನೆ. ಸಕ್ಕರೆ, ಅಕ್ಕರೆ, ಚೊಕ್ಕ ಮತ್ತೊಂದು. ಆಮೇಲೆ ಶುಕ್ರವಾರ ಎಂಬ ಕಾರ್ಡು ಹಿಡಿದು ಯಾರೋ ಒಬ್ಬರು ನಿಂತುಬಿಡುತ್ತಾರೆ. ಅದು ಒಳ್ಳೆಯ ಗಳಿಗೆ, ಉತ್ತರ ಕೊಡಬೇಡಿ. 'ಕ್ರ'ದ ಒಳಗೆ 'ಕ' ಇದೆ ಎಂದು ಅವರೇ ಕಂಡುಕೊಳ್ಳುತ್ತಾರೆ. ಕಂಕಣ, ಕುಂಕುಮ, ವೆಂಕಟ ಇವುಗಳ ಪಕ್ಕದಲ್ಲಿ ಸಂಖ್ಯೆ ಬಂದು ಕೂರುವುದೂ ಹೀಗೆಯೇ.

ಸಾಲಿನ ಎರಡನೆಯ ಅಕ್ಷರ ಒಂದೇ ಆಗಿ ಬರುವ ಈ ಪ್ರಾಸ ಕನ್ನಡ ಪದ್ಯಕ್ಕೆ ಹಳೆಯದು. ಬರೆದಿಟ್ಟುಕೊಳ್ಳದೆ ಹಾಡಿಕೊಂಡು ಹೋಗುವವರಿಗೆ ಅದು ನೆನಪಿನ ಗೂಟ. ಚರಣ ಮರೆತ ಮಗುವಿಗೆ ಸಾಲು ಹೇಳಿಕೊಡುವ ಬದಲು 'ಇದು ಯಾರ ಮನೆ?' ಎಂದು ಕೇಳಿ. 'ಜ್ಜ' ಎಂದು ನೆನಪಾದರೆ ನಾಲ್ಕೂ ಸಾಲಿನ ತಲೆ ಸಿಗುತ್ತದೆ, ತಲೆ ಸಿಕ್ಕರೆ ಬಾಲ ಬರುತ್ತದೆ. ಓದು ಬಾರದ ಚಿಕ್ಕವರಿಗೆ ಕಾರ್ಡಿನ ಹಿಂಬದಿ ಚಿತ್ರ ಬರೆದಿದ್ದೆವು, ಆದರೆ ಸಜ್ಜನ, ಸತ್ಯ, ಚಿತ್ತಗಳಿಗೆ ಚಿತ್ರ ಹೊಂದುವುದಿಲ್ಲ. ಒಬ್ಬ ದೊಡ್ಡವನ ಜೊತೆ ಒಬ್ಬ ಚಿಕ್ಕವಳನ್ನು ಜೋಡಿ ಮಾಡಿ, ದೊಡ್ಡವನು ಓದುವುದು, ಚಿಕ್ಕವಳು ಕಿವಿಯಿಂದ ಜೋಡಿಸುವುದು ಎಂದಾಗ ಕೆಲಸ ನಡೆಯಿತು. ಪ್ರಾಸ ಹಿಡಿಯುವುದರಲ್ಲಿ ಕಿವಿ ಕಣ್ಣಿಗಿಂತ ಚುರುಕು.

ಅದೇ ವಾರ ಕೊನೆಯ ಚರಣ ಕಲಿಸಿದೆವು. ಒಂದಾದ ಮೇಲೊಂದರಂತೆ ಕಲಿಸುತ್ತ ಹೋದರೆ ಕೊನೆಯದಕ್ಕೆ ಯಾವಾಗಲೂ ಸಮಯ ಕಡಿಮೆ, ಮಕ್ಕಳ ಉತ್ಸಾಹವೂ ಕಡಿಮೆ. ದೇವರನಾಮದಲ್ಲಿ ಅಂಕಿತ ಬರುವುದು ಅಲ್ಲಿಯೇ. 'ಪುರಂದರವಿಠಲ' ಎಂಬಲ್ಲಿ ಗೊಣಗಿದರೆ ದಾಸರ ರುಜುವನ್ನೇ ಅಳಿಸಿದಂತೆ. ಹಾಗಾಗಿ ಒಂದು, ಐದು, ನಾಲ್ಕು, ಎರಡು, ಮೂರು ಎಂಬ ಕ್ರಮ. ಅಂಕಿತ ಬಂದಾಗ ಕೈ ಮುಗಿಯುವುದೊಂದೇ ಅಭಿನಯ. 'ಅಕ್ಕರೆಯುಳ್ಳ ಅಳಗಿರಿರಂಗನ' ಎಂಬ ಸಾಲು ನಾಲಿಗೆಗೆ ತೊಡಕು. ಉಳ್ಳ, ಅಳ ಎರಡರಲ್ಲೂ 'ಳ' ಇದೆ, 'ಲ' ಮಾಡಿಬಿಡುತ್ತಾರೆ. ರಾಗ ಬಿಟ್ಟು ನಿಧಾನವಾಗಿ ಮಾತಿನಂತೆ ಐದು ಸಲ ಹೇಳಿಸಿ, ಆಮೇಲೆ ತಾಳಕ್ಕೆ ಹೇಳಿಸಿ, ಕೊನೆಗೆ ಹಾಡಿಸಿ. 'ಧ್ವನಿ', 'ಸಿದ್ಧಿ'ಗಳ ಮಹಾಪ್ರಾಣಕ್ಕೂ ಇದೇ ಔಷಧ. ಬಾಯಿಯ ಮುಂದೆ ಅಂಗೈ ಹಿಡಿದು ಗಾಳಿ ತಾಗಿತೇ ನೋಡಿಕೊಳ್ಳಲಿ.

ಮೂರನೆಯ ವಾರ ಬೆಣ್ಣೆ. ಮೊದಲ ಚರಣದ ಕೊನೆಯ ಸಾಲು 'ಮಜ್ಜಿಗೆಯೊಳಗಿನ ಬೆಣ್ಣೆಯಂತೆ'. ಮನೆಯಲ್ಲಿ ಕಡಗೋಲು ಕಂಡಿರದ ಮಕ್ಕಳಿಗೆ ಈ ಉಪಮೆ ಖಾಲಿ ಮಾತು. ಬೆಣ್ಣೆ ಪೊಟ್ಟಣದಲ್ಲಿ ಬರುತ್ತದೆ, ಮಜ್ಜಿಗೆ ಇನ್ನೊಂದು ಪೊಟ್ಟಣದಲ್ಲಿ. ಕಡೆಯುವುದನ್ನು ತೋರಿಸಿದರೆ ನೋಡುತ್ತಾರೆ. ಅವರೇ ಕಡೆದರೆ ಹಾಡುತ್ತಾರೆ. 20 ಮಕ್ಕಳಿಗೆ ಕಡಗೋಲು ಕೊಡಲಾಗದು, ಆದ್ದರಿಂದ ತಿರುಪು ಮುಚ್ಚಳದ, ಒಳಗೆ ಕಾಣುವ ಪ್ಲಾಸ್ಟಿಕ್ ಡಬ್ಬಿ ಎರಡು, ತಲಾ ಅರ್ಧ ಲೀಟರಿನವು. ಗಾಜು ಬೇಡ, ಜಿಡ್ಡು ಕೈಯಿಂದ ಜಾರುತ್ತದೆ. ನಾಲ್ಕೈದು ದಿನ ತಣ್ಣಗೆ ಕೂಡಿಟ್ಟ ಹಾಲಿನ ಕೆನೆಗೆ ಹಿಂದಿನ ರಾತ್ರಿ ಒಂದು ಚಮಚ ಮೊಸರು ಹಾಕಿ ಹೆಪ್ಪಿಟ್ಟು, ಬೆಳಿಗ್ಗೆ ಒಂದು ಗಂಟೆ ಫ್ರಿಜ್ಜಿನಲ್ಲಿಟ್ಟು ತೆಗೆದದ್ದು, ಡಬ್ಬಿಗೆ ಸುಮಾರು 150 ಮಿಲಿಲೀಟರ್. ಅಂದರೆ ಮೂರನೇ ಒಂದು ಭಾಗಕ್ಕಿಂತ ಕಡಿಮೆ. ಅರ್ಧಕ್ಕಿಂತ ಹೆಚ್ಚು ತುಂಬಿದರೆ ಕೆನೆ ನೊರೆಯಾಗಿ ಉಬ್ಬಿ ಡಬ್ಬಿಯೆಲ್ಲ ತುಂಬಿಕೊಳ್ಳುತ್ತದೆ, ಕುಲುಕಲು ಜಾಗವೇ ಉಳಿಯುವುದಿಲ್ಲ.

ಹತ್ತು ಮಕ್ಕಳ ಎರಡು ಗುಂಪು, ಗುಂಪಿಗೊಂದು ಡಬ್ಬಿ. ಒಂದು ಮಗುವಿನ ಕೈಯಲ್ಲಿ ಎರಡು ಆವರ್ತ, ಅಂದರೆ 16 ಅಕ್ಷರ, ಆಮೇಲೆ ಪಕ್ಕದವರಿಗೆ. ನಿಮಿಷಕ್ಕೆ 70 ಅಕ್ಷರದ ನಡೆಯಲ್ಲಿ ಎರಡು ಆವರ್ತಕ್ಕೆ ಸುಮಾರು 14 ಸೆಕೆಂಡು, ಹತ್ತು ಮಕ್ಕಳ ಒಂದು ಸುತ್ತಿಗೆ ಎರಡೂಕಾಲು ನಿಮಿಷ. ಬೆಣ್ಣೆ ಬರಲು ಸಾಮಾನ್ಯವಾಗಿ 10ರಿಂದ 15 ನಿಮಿಷ ಬೇಕು. ಹಾಗಾಗಿ ಪ್ರತಿಯೊಬ್ಬರ ಕೈಗೂ ಡಬ್ಬಿ ಐದಾರು ಸಲ ಬರುತ್ತದೆ, ಮೊದಲ ಚರಣ ಮತ್ತು ಪಲ್ಲವಿ ಅಷ್ಟು ಹೊತ್ತೂ ಬಿಡದೆ ನಡೆಯುತ್ತದೆ. ಯಾರಿಗೂ ಬೇಸರ ಬರುವುದಿಲ್ಲ. ಹತ್ತು ಸಲ ಹಾಡಿ ಎಂದು ಸುಮ್ಮನೆ ಹೇಳಿದ್ದರೆ ಮೂರನೆಯದಕ್ಕೇ ಬರುತ್ತಿತ್ತು.

ಒಂದು ಹಂತದಲ್ಲಿ ಡಬ್ಬಿಯ ಸದ್ದು ನಿಂತುಹೋಗುತ್ತದೆ. ಕೆನೆ ಗಟ್ಟಿಯಾಗಿ ಗೋಡೆಗೆಲ್ಲ ಬೆಳ್ಳಗೆ ಮೆತ್ತಿಕೊಂಡು, ಕುಲುಕಿದರೂ ಏನೂ ಕದಲುವುದಿಲ್ಲ. 'ಅಕ್ಕಾ, ಕೆಟ್ಟುಹೋಯ್ತು' ಎಂಬ ಮಾತು ಬರುವುದು ಇಲ್ಲಿಯೇ. ಬಿಡಬಾರದು, ಇನ್ನೆರಡು ಮೂರು ನಿಮಿಷ ಸಾಗಿಸಬೇಕು. ಆಮೇಲೆ ಸದ್ದು ಒಮ್ಮೆಲೇ ಮರಳುತ್ತದೆ, ತೆಳ್ಳಗೆ ಗುಳುಗುಳು ಎಂದು, ಅದರೊಳಗೆ ಮುದ್ದೆಯೊಂದು ಬಡಿದಾಡುವ ಸದ್ದು. ಕೆನೆ ಒಡೆದು ಬೆಣ್ಣೆ ಬೇರೆ, ಮಜ್ಜಿಗೆ ಬೇರೆ ಆಗಿರುತ್ತದೆ. ಆಗಲೂ ಹಾಡು ನಿಲ್ಲಿಸದೆ ಹಿಡಿದ ಸಾಲು ಮುಗಿಸಿಯೇ ಮುಚ್ಚಳ ತೆಗೆಯುವ ನಿಯಮವನ್ನು ಮೊದಲೇ ಹೇಳಿಟ್ಟಿರಬೇಕು. ಮುಚ್ಚಳ ತೆಗೆದ ಮೇಲೆ ಒಂದೇ ಪ್ರಶ್ನೆ: ಬೆಣ್ಣೆಯನ್ನು ಯಾರು ಹಾಕಿದರು? ಯಾರೂ ಹಾಕಿಲ್ಲ, ಒಳಗೇ ಇತ್ತು. ದಾಸರು ಏನು ಹೇಳಿದರೆಂದು ಅದರ ಮೇಲೆ ಪ್ರವಚನ ಬೇಡ. ಮತ್ತೊಮ್ಮೆ ಆ ಸಾಲು ಹಾಡಿಸಿದರೆ ದನಿಯೇ ಬೇರೆ ಇರುತ್ತದೆ.

ಕೆಡುವುದು ಬಿಸಿಯಿಂದ. ಸೆಕೆಯ ಊರಲ್ಲಿ, ಹತ್ತು ಜೋಡಿ ಬೆಚ್ಚಗಿನ ಕೈಗಳ ನಡುವೆ ಕೆನೆ ಬೆಚ್ಚಗಾದರೆ ಬೆಣ್ಣೆ ಮುದ್ದೆಗಟ್ಟದೆ ಎಣ್ಣೆಯಂತೆ ಜಿಡ್ಡುಜಿಡ್ಡಾಗಿ ಹರಡುತ್ತದೆ. ಡಬ್ಬಿಗೆ ಒದ್ದೆ ಬಟ್ಟೆ ಸುತ್ತಿ, ಸದ್ದು ನಿಂತ ಹಂತದಲ್ಲಿ ನಾಲ್ಕು ಚಮಚ ತಣ್ಣೀರು ಹಾಕಿದರೆ ಸರಿಹೋಗುತ್ತದೆ. ಮಲೆನಾಡಿನ ಆಷಾಢದಲ್ಲಿ ತೊಂದರೆ ತಿರುಗುಮುರುಗು: ಕೆನೆ ತೀರಾ ತಣ್ಣಗಿದ್ದು ಇಪ್ಪತ್ತೈದು ನಿಮಿಷವಾದರೂ ಒಡೆಯುವುದಿಲ್ಲ. ಅಲ್ಲಿ ಫ್ರಿಜ್ಜೇ ಬೇಡ. ಕೈ ತೊಳೆಸಿ ಶುರು ಮಾಡಿ. ಹಾಲು ಒಗ್ಗದ ಮಕ್ಕಳಿದ್ದಾರೆಯೇ ಎಂದು ಮನೆಯವರನ್ನು ಮುಂಚೆಯೇ ಕೇಳಿಕೊಳ್ಳಿ. ಬಂದ ಬೆಣ್ಣೆಯನ್ನು ತಣ್ಣೀರಿನಲ್ಲಿ ಎರಡು ಸಲ ತೊಳೆದು ನೈವೇದ್ಯಕ್ಕಿಟ್ಟು ಹಂಚಿದೆವು, ತಲೆಗೆ ಒಂದು ಕಡಲೆಯಷ್ಟು.

ನಾಲ್ಕನೆಯ ವಾರಕ್ಕೆ ಮೂರು ಚರಣ, ಆಟಗಳು ಚಿಕ್ಕವು. ನಾಲ್ಕನೆಯ ಚರಣಕ್ಕೆ ಬಳೆ: 'ಕಂಕಣ ಕೈಯ ತಿರುವುತ' ಎಂಬಲ್ಲಿ ಮಣಿಕಟ್ಟು ತಿರುಗಿಸುವುದು, ಲೋಹದ ಬಳೆ, ಗಾಜಿನದಲ್ಲ. ಎರಡನೆಯದಕ್ಕೆ ಹಳದಿ ಸೇವಂತಿಗೆಯ ಎಸಳು ಒಂದೊಂದು ಚಿಟಿಕೆ; 'ಕನಕವೃಷ್ಟಿ'ಯ 'ವೃಷ್ಟಿ' ಎಂಬಲ್ಲಿ ಮಾತ್ರ ಎರಚಬೇಕು, ಮೊದಲೇ ಎರಚಿದವರಿಗೆ ಮತ್ತೆ ಸಿಗುವುದಿಲ್ಲ. ಆ ಪದಕ್ಕಾಗಿ ಕಾಯುವುದರಲ್ಲಿ ಹಿಂದಿನ ಪದ ತಾನಾಗಿ ಸ್ಪಷ್ಟವಾಗುತ್ತದೆ.

ಮೂರನೆಯ ಚರಣ ಎಲ್ಲಕ್ಕಿಂತ ಕಷ್ಟ. ನಿತ್ಯ, ಸತ್ಯ, ಚಿತ್ತ. ಮುಟ್ಟಲು ಒಂದೂ ವಸ್ತುವಿಲ್ಲ. ಬಹಳ ಯೋಚಿಸಿದ ಮೇಲೆ ಆಟ ಮೊದಲ ಪದದಲ್ಲೇ ಸಿಕ್ಕಿತು. 'ಅತ್ತಿತ್ತಲಗಲದೆ' ಎಂದರೆ ಅತ್ತ ಇತ್ತ ಅಗಲದೆ, ಇದ್ದಲ್ಲೇ ನಿಂತು. ಚರಣದ ಕೊನೆಗೆ ಬರುವುದು 'ಪುತ್ಥಳಿ ಬೊಂಬೆ'. ನಾಲ್ಕೂ ಸಾಲು ಬೊಂಬೆಯಂತೆ ಕದಲದೆ ನಿಂತು ಹಾಡುವುದು, ಅಲ್ಲಾಡಿದವರು ಕುಳಿತುಕೊಳ್ಳುವುದು. ಕುಳಿತವರೂ ಹಾಡಲೇಬೇಕು. ಕುಣಿತದ ನಡುವೆ ಈ ಸ್ತಬ್ಧತೆ ಬಂದಾಗ ಮಕ್ಕಳ ಗಮನವೆಲ್ಲ ದನಿಗೆ ಇಳಿಯುತ್ತದೆ. ನಮ್ಮ ಗುಂಪಿನಲ್ಲಿ ಶ್ರುತಿ ಅತಿ ಚೆನ್ನಾಗಿ ನಿಂತದ್ದು ಈ ಚರಣದಲ್ಲಿ. 'ನಿತ್ಯ ಮಹೋತ್ಸವ ನಿತ್ಯ ಸುಮಂಗಳ' ಎಂಬಲ್ಲಿ ಎರಡು ನಿತ್ಯಗಳು ಅದಲುಬದಲಾಗುತ್ತವೆ. ಉತ್ಸವ ಮೊದಲು, ಮಂಗಳ ಕೊನೆಗೆ, ಪೂಜೆಯಲ್ಲಿ ಮಂಗಳಾರತಿ ಕೊನೆಗಲ್ಲವೇ ಎಂದರೆ ಮತ್ತೆ ತಪ್ಪುವುದಿಲ್ಲ.

ಐದನೆಯ ವಾರದಿಂದ ಒಂದೊಂದೇ ವಸ್ತುವನ್ನು ತೆಗೆಯಬೇಕು. ಬಹಳಷ್ಟು ಕಡೆ ಕೆಲಸ ಕೆಡುವುದು ಇಲ್ಲಿ: ಮಕ್ಕಳು ಸಂತೋಷವಾಗಿದ್ದಾರೆಂದು ಆಟವನ್ನು ಕೊನೆತನಕ ಇಟ್ಟುಕೊಳ್ಳುತ್ತಾರೆ, ಹಬ್ಬದ ದಿನ ಆಟವಿಲ್ಲದಾಗ ಹಾಡೂ ಬರುವುದಿಲ್ಲ. ಇಪ್ಪತ್ತು ಕಾರ್ಡುಗಳನ್ನು ಸಾಲಾಗಿ ಗೋಡೆಗೆ ಅಂಟಿಸಿ, ಒಂದು ಸಲ ಹಾಡಿದ ಮೇಲೆ ಎರಡು ಕಾರ್ಡು ಮಗುಚಿದೆವು. ಯಾವ ಎರಡು ಎಂಬುದನ್ನು ಮಕ್ಕಳೇ ಆರಿಸಿದರು. ಸುಲಭದವು ಮೊದಲು ಹೋಗುತ್ತವೆ, ಕೊನೆಗೆ ಉಳಿಯುವವೇ ನಿಜವಾದ ಕಷ್ಟದ ಸಾಲುಗಳು. ಮುಂದಿನ ಅಭ್ಯಾಸ ಎಲ್ಲಿ ಬೇಕೆಂದು ಗೋಡೆಯೇ ಹೇಳುತ್ತದೆ.

ಅದರ ಜೊತೆಗೆ ಮುಷ್ಟಿಯ ಆಟ. ಕೈ ತೆರೆದಿದ್ದರೆ ಹಾಡಬೇಕು, ಮುಷ್ಟಿ ಕಟ್ಟಿದರೆ ಮನಸ್ಸಿನಲ್ಲಿ ಹಾಡುತ್ತ ತಾಳ ಮುಂದುವರಿಸಬೇಕು, ಮತ್ತೆ ತೆರೆದಾಗ ಎಲ್ಲರೂ ಒಂದೇ ಅಕ್ಷರಕ್ಕೆ ಬಂದಿರಬೇಕು. ಮೊದಮೊದಲು ಮೌನದಲ್ಲಿ ಓಡಿಬಿಡುತ್ತಾರೆ. ಮುಷ್ಟಿಯನ್ನು ಮೊದಲು ಒಂದು ದ್ರುತದಷ್ಟು, ಎರಡು ಅಕ್ಷರ ಮಾತ್ರ ಹಿಡಿದು, ನಿಧಾನವಾಗಿ ಒಂದು ಆವರ್ತದವರೆಗೆ ಬೆಳೆಸಬೇಕು.

ಆರನೆಯ ವಾರ ಎಲ್ಲರೂ ಚಕ್ಕಳಮಕ್ಕಳ ಹಾಕಿ ಕುಳಿತು, ಕೈಯಲ್ಲಿ ತಾಳ ಬಿಟ್ಟರೆ ಬೇರೇನೂ ಇಲ್ಲದೆ, ಕಣ್ಣು ಮುಚ್ಚಿ ಹಾಡಿದರು. ಚಿಕ್ಕವರ ಹೊಣೆ ಪಲ್ಲವಿ ಮತ್ತು ಮೊದಲ ಚರಣ, ಉಳಿದದ್ದು ಬಂದರೆ ಲಾಭ. ಕಾಲು ಮಾತ್ರ ಕೆಲವರದು ತಾನಾಗಿ ಅಲ್ಲಾಡುತ್ತಿತ್ತು, ಅದನ್ನು ತಡೆಯಲಿಲ್ಲ. ಹಬ್ಬ ಕಳೆದು 15 ದಿನಕ್ಕೆ, ಮುನ್ಸೂಚನೆಯಿಲ್ಲದೆ ಮೂರನೆಯ ಚರಣದಿಂದ ಶುರು ಮಾಡಿಸಿ ನೋಡುವುದು ಕೊನೆಯ ಹಂತ. ಹೆಚ್ಚಿನವರು ಅರೆಕ್ಷಣ ಸುಮ್ಮನಿದ್ದು, 'ತ್ತ ಮನೆ' ಎಂದು ತಮ್ಮಷ್ಟಕ್ಕೆ ಹೇಳಿಕೊಂಡು ಎತ್ತುತ್ತಾರೆ. ಎತ್ತಲಾಗದಿದ್ದರೆ ಎರಡನೆಯ ವಾರದ ಕಾರ್ಡುಗಳನ್ನು ಮತ್ತೆ ನೆಲಕ್ಕೆ ಹರಡಬೇಕು, ಈ ಸಲ ಹತ್ತು ನಿಮಿಷ ಸಾಕು.